ಎಲೆ ಮಡಚದ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು

ಇಸ್ಪೀಟಿನ ಪೋಕರ್ ಬಗೆಗಳಲ್ಲಿ ಸೆವೆನ್ ಕಾರ್ಡ್ ಸ್ಟಡ್ ಎಂಬುದೊಂದು. ಕೈಗೆ ಬರುವ ಏಳು ಎಲೆಗಳಲ್ಲಿ ನಾಲ್ಕು ಎಲ್ಲರಿಗೂ ಕಾಣುತ್ತವೆ. ಮೂರು ಆಟಗಾರನಿಗಷ್ಟೇ ಗೊತ್ತು. ಸುತ್ತು ಸುತ್ತಿಗೂ ಅವನೆದುರು ಮೂರು ದಾರಿ: ಪಣ ಏರಿಸುವುದು, ಎದುರಾಳಿಯ ಪಣಕ್ಕೆ ಸಮನಾಗಿ ಕಟ್ಟಿ ಉಳಿಯುವುದು, ಇಲ್ಲವೇ ಎಲೆ ಮಡಚಿ ಏಳುವುದು. ಇಂಥ ಆಯ್ಕೆಯಲ್ಲೇ ಬಾಳು ಸವೆಸಿದ ಮೈಸೂರಿನ ಅರಸರೊಬ್ಬರು ಎಲೆಯಾಟಗಳ ನಿರ್ಮಾತೃವೂ ಆಗಿದ್ದರೆಂಬುದು ಸ್ವಾರಸ್ಯಕರ.

ಮುಮ್ಮಡಿ ಕೃಷ್ಣರಾಜ ಒಡೆಯರು ಜನಿಸಿದ್ದು 1794ರಲ್ಲಿ. ಟಿಪ್ಪು ಸುಲ್ತಾನರ ಪತನಾನಂತರ, 1799ರಲ್ಲಿ, ಐದರ ಹರೆಯದ ಬಾಲಕನಿಗೆ ಪಟ್ಟವಾಯಿತು. ಕೈಗೆ ಬಂದ ಎಲೆಗಳು ದುರ್ಬಲವಾಗಿದ್ದವು. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ಪಗೋಡ ತೆರಬೇಕು. ತಪ್ಪಿದರೆ ಆಡಳಿತವನ್ನೇ ವಶಪಡಿಸಿಕೊಳ್ಳಲು ಒಪ್ಪಂದದಲ್ಲಿ ಅವಕಾಶವಿತ್ತು.

ದಿವಾನ್ ಪೂರ್ಣಯ್ಯನವರ ನಂತರ ಅಧಿಕಾರ ವಹಿಸಿಕೊಂಡ ಯುವ ಅರಸರು ಈ ಷರತ್ತಿನ ಅಪಾಯವನ್ನು ಲಘುವಾಗಿ ಎಣಿಸಿದರು. ದಾನ, ದತ್ತಿ, ದರ್ಬಾರುಗಳಿಗೆ ಬೊಕ್ಕಸ ಬರಿದಾಯಿತು. ಕಂದಾಯದ ಭಾರಕ್ಕೂ ಅಧಿಕಾರಿಗಳ ಸುಲಿಗೆಗೂ ಬೇಸತ್ತ ನಗರ ಪ್ರಾಂತದ ರೈತರು 1830ರಲ್ಲಿ ದಂಗೆಯೆದ್ದರು. ಮರುವರ್ಷವೇ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಸಿದುಕೊಂಡರು. ಅಧಿಕಾರ ಕಮಿಷನರುಗಳ ಕೈಸೇರಿ, ಆಡಳಿತದ ಕೇಂದ್ರ ಬೆಂಗಳೂರಿಗೆ ಬಂದಿತು. ಅರಸರಿಗೆ ಉಳಿದದ್ದು ಅರಮನೆ, ವಾರ್ಷಿಕ ಒಂದು ಲಕ್ಷ ಪಗೋಡ ಮತ್ತು ನಿವ್ವಳ ಕಂದಾಯದ ಐದನೇ ಒಂದು ಪಾಲು.

ಆಗ ಎಲೆ ಮಡಚುವುದು ಸುಲಭವಿತ್ತು. ಅವರು ಮಡಚಲಿಲ್ಲ. ಕೈಮೀರಿ ಪಣವನ್ನೂ ಏರಿಸಲಿಲ್ಲ. ರಾಜ್ಯವನ್ನು ಹಿಂದಿರುಗಿಸಬೇಕೆಂದು ಒಬ್ಬರ ನಂತರ ಒಬ್ಬ ಗವರ್ನರ್ ಜನರಲ್‌ಗೆ ಮನವಿ ಸಲ್ಲಿಸುತ್ತ ಬಂದರು. 1834ರಲ್ಲಿ ಸ್ವತಃ ಬೆಂಟಿಂಕ್ ರಾಜ್ಯದ ಒಂದು ಭಾಗವನ್ನು ಮರಳಿಸಲು ಶಿಫಾರಸು ಮಾಡಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಕಾದ ಆ ವರ್ಷಗಳಲ್ಲಿ ಆಟಗಳು ಅವರ ಸಂಗಾತಿಯಾದವು. ಅವರ ಪೋಷಣೆಯಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಛದ ಎಂಬ ಗಂಜೀಫಾ ಆಟಗಳ ವಿವರಗಳಿವೆ. ಕೆಲವು ಆಟಗಳಿಗೆ ಮುನ್ನೂರಕ್ಕೂ ಹೆಚ್ಚು ಎಲೆಗಳು ಬೇಕು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಮ್ಮೆ ಮಾತ್ರ ಇಳಿಸುವ ಸಮಸ್ಯೆಯೂ ಅವರಿಗೆ ಪ್ರಿಯವಾಗಿತ್ತು.

1857 ನಿರ್ಣಾಯಕ ಸುತ್ತು. ಉತ್ತರದಲ್ಲಿ ದಂಗೆ ಹಬ್ಬಿದಾಗ ಅರಸರು ಕಂಪನಿಯ ಪರ ನಿಂತರು. ಅದನ್ನು ದೌರ್ಬಲ್ಯವೆಂದು ಟೀಕಿಸಲು ಅವಕಾಶವಿದೆ. ಆದರೆ ಸ್ವಂತ ಸೈನ್ಯಬಲವಿಲ್ಲದವನು ಸೋತರೆ ಮನೆತನವೇ ಅಳಿಯುತ್ತಿತ್ತು. ಗೆಲ್ಲುವ ಎಲೆ ಕೈಯಲ್ಲಿರಲಿಲ್ಲ. ಎದುರಾಳಿಯ ತೆರೆದ ಎಲೆಗಳನ್ನು ಅವರು ಸರಿಯಾಗಿಯೇ ಓದಿದ್ದರು. ಇಷ್ಟಾದರೂ, 1861ರ ಮನವಿಗೂ ನಿರಾಕರಣೆಯೇ ಉತ್ತರ.

ಪುತ್ರಸಂತಾನವಿಲ್ಲದೆ ಅರಸರು ತೀರಿಕೊಂಡರೆ ರಾಜ್ಯ ಬ್ರಿಟಿಷರ ಪಾಲಾಗುವುದೆಂಬ ಭಯ ದಟ್ಟವಾಗಿತ್ತು. ಸತಾರಾ, ಝಾನ್ಸಿ, ನಾಗಪುರಗಳ ಗತಿ ಕಣ್ಣೆದುರಿಗಿತ್ತು. ಅದುವರೆಗೆ ಸಮಪಣ ಕಟ್ಟುತ್ತಲೇ ಉಳಿದಿದ್ದ ಅವರು 1865ರ ಜೂನ್‌ನಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಪಣ ಏರಿಸಿದರು. ಸರ್ಕಾರದ ಒಪ್ಪಿಗೆಗೆ ಕಾಯದೆ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. ಲಂಡನ್ನಿನಲ್ಲೂ ಅವರ ಪರ ದನಿಗಳೆದ್ದವು. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತುವನ್ನು ಮಾನ್ಯ ಮಾಡಿತು.

1868ರ ಮಾರ್ಚ್ 27ರಂದು ಅವರು ನಿಧನರಾದರು. 1881ರ ಮಾರ್ಚ್ 25ರಂದು ರಾಜ್ಯಾಧಿಕಾರ ಚಾಮರಾಜೇಂದ್ರರ ಕೈಸೇರಿತು. ಯೌವನದಲ್ಲಿ ದುಂದಿನಿಂದ ಕಳೆದುಕೊಂಡದ್ದನ್ನು ಮುಮ್ಮಡಿಯವರು ಮುಪ್ಪಿನವರೆಗಿನ ತಾಳ್ಮೆಯಿಂದ ತಮ್ಮ ಮನೆತನಕ್ಕೆ ಗೆದ್ದುಕೊಟ್ಟರು. ಆ ಗೆಲುವನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಅವರಿಗಿರಲಿಲ್ಲ.