ಸೈಟು ಕೊಟ್ಟು ಊರು ಕಟ್ಟಿದ ಕಾರ್ಲ್ ಲುಡ್ವಿಗ್

ಊರಿಂದ ಯಾರೇ ಬಂದರೂ ನಾವು ಮೊದಲು ತೋರಿಸೋದು ಹೈಡೆಲ್‌ಬರ್ಗ್‌ನ ಮುರಿದ ಕೋಟೆ. ಸೀಳಿಬಿದ್ದ ಗೋಪುರದ ಮುಂದೆ ನಿಂತು ಫೋಟೋ ಹೊಡೆದುಕೊಂಡು ಇಳಿದು ಬರ್ತೀವಿ. ಅದು ಯಾಕೆ ಮುರೀತು ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವನು ಕಾರ್ಲ್ ಲುಡ್ವಿಗ್. ಇಲ್ಲಿ ಕಾರ್ಲ್ ಹೆಸರಿನ ದೊರೆಗಳು ಬಹಳ. ಹಳೇ ಸೇತುವೆ ಕಟ್ಟಿಸಿದ ಕಾರ್ಲ್ ಥಿಯೋಡೋರ್ ಇವನಲ್ಲ, ಆತ ನೂರು ವರ್ಷ ಈಚೆಯವನು.

ಕಾರ್ಲ್ ಲುಡ್ವಿಗ್ ಹುಟ್ಟಿದ್ದು 1617ರಲ್ಲಿ, ಇದೇ ಕೋಟೆಯಲ್ಲಿ. ಅವನ ಅಪ್ಪ ಐದನೇ ಫ್ರೆಡರಿಕ್ ಇಲ್ಲಿಯ ದೊರೆ, ಅಮ್ಮ ಇಂಗ್ಲೆಂಡಿನ ರಾಜನ ಮಗಳು. ಅಪ್ಪ ಬೊಹೀಮಿಯಾದ ಕಿರೀಟಕ್ಕೆ ಆಸೆಪಟ್ಟು ಪ್ರಾಗ್‌ಗೆ ಹೋದ, ಯುದ್ಧದಲ್ಲಿ ಸೋತ. ಇದ್ದ ರಾಜ್ಯವೂ ಕೈಬಿಡ್ತು. 1622ರಲ್ಲಿ ಹೈಡೆಲ್‌ಬರ್ಗ್, ಮನ್‌ಹೈಮ್ ಎರಡೂ ಶತ್ರುಗಳ ಪಾಲಾದವು. ಹುಡುಗ ಬೆಳೆದದ್ದು ಪರದೇಶದಲ್ಲಿ. ಹಾಲೆಂಡಿನಲ್ಲಿ ಓದಿದ, ಆಮೇಲೆ ಇಂಗ್ಲೆಂಡಿನಲ್ಲಿ ಸೋದರಮಾವನ ಹತ್ತಿರ ಕಾದು ಕೂತ. ದೊರೆ ಮಗನಾದರೂ ಕಂಡವರ ಮನೆ ಬಾಡಿಗೆದಾರನೇ. ಪರದೇಶದಲ್ಲಿ ವರ್ಷಗಟ್ಟಲೆ ಕಾಗದಪತ್ರಕ್ಕೆ ಕಾದು ಕೂರೋದು ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂವತ್ತು ವರ್ಷದ ಯುದ್ಧ 1648ರಲ್ಲಿ ಮುಗಿದಾಗ ಅರ್ಧ ರಾಜ್ಯ ವಾಪಸ್ ಸಿಕ್ಕಿತು. 1649ರಲ್ಲಿ ಹೈಡೆಲ್‌ಬರ್ಗ್‌ಗೆ ಬಂದು ನೋಡಿದರೆ ಏನಿದೆ? ಹೊಲ ಬೀಳುಬಿದ್ದಿದೆ, ಉಳೋಕೆ ಜನ ಇಲ್ಲ, ಮನೆಗೆ ಸೂರಿಲ್ಲ. ಬರೀ ನೆಲ ಇದೆ, ಅದರ ಮೇಲೆ ಹಕ್ಕು ಇದೆ. ಅಲ್ಲಿಂದ ಅವನು ಮಾಡಿದ್ದು ಇವತ್ತಿನ ಲೇಔಟ್ ಮಾಡೋರ ಕೆಲಸವೇ.

ಮನ್‌ಹೈಮ್ ಊರನ್ನ ಅವನ ತಾತ 1607ರಲ್ಲಿ ಚೌಕ ಚೌಕವಾಗಿ ಗೆರೆ ಹಾಕಿ ಶುರು ಮಾಡಿದ್ದ. ಅಲ್ಲಿಯ ವಿಳಾಸಕ್ಕೆ ಬೀದಿ ಹೆಸರಿಲ್ಲದೆ ಕ್ಯೂ ಏಳು, ಪಿ ಐದು ಅಂತ ಹುಡುಕಿ ನಾವು ಒದ್ದಾಡ್ತೀವಲ್ಲ, ಅದರ ಬುಡ ಆ ಚೌಕಗಳು. ಯುದ್ಧದಲ್ಲಿ ಹಾಳಾಗಿದ್ದ ಆ ಊರಿಗೆ ಕಾರ್ಲ್ ಲುಡ್ವಿಗ್ 1652ರಲ್ಲಿ ಜಾಹೀರಾತು ಹಾಕಿದ. ಜಾಹೀರಾತು ಅನ್ನೋದೇ ಸರಿ. ಬೇರೆ ಬೇರೆ ಭಾಷೆಯಲ್ಲಿ ಅಚ್ಚು ಹಾಕಿಸಿ ಹೊರದೇಶಕ್ಕೆಲ್ಲ ಕಳಿಸಿದ: ಬನ್ನಿ, ಮನೆ ಕಟ್ಟಿ, ವರ್ಷಗಟ್ಟಲೆ ಕಂದಾಯ ಮಾಫಿ, ನಿಮ್ಮ ಕಸುಬು ನೀವು ಮಾಡಿಕೊಳ್ಳಿ. ಡಚ್ಚರು, ಫ್ರೆಂಚ್ ಮಾತಾಡೋ ವಲೂನ್ ಜನ, ಸ್ವಿಸ್ ರೈತರು ಬಂದರು. 1660ರಲ್ಲಿ ಯಹೂದಿಗಳಿಗೂ ಪತ್ರ ಬರೆದುಕೊಟ್ಟ, ಮನೆ ಕಟ್ಟಬೇಕು ಅನ್ನೋ ಷರತ್ತಿನ ಮೇಲೆ. ನಿನ್ನ ಧರ್ಮ ಯಾವುದು ಅಂತ ಕೇಳೋ ಕಾಲದಲ್ಲಿ ನಿನಗೆ ಏನು ಕೆಲಸ ಬರುತ್ತೆ ಅಂತ ಕೇಳಿದ ದೊರೆ.

ಇದು ಬರೀ ದೊಡ್ಡಗುಣ ಅಂತ ನಾನು ಹೇಳಲ್ಲ. ಅವನಿಗೆ ಜನ ಬೇಕಿತ್ತು, ಕರೆದ. ನಮ್ಮನ್ನೂ ಜರ್ಮನಿ ಹಾಗೇ ಕರೆದದ್ದು. ಮುಚ್ಚಿದ್ದ ಯೂನಿವರ್ಸಿಟಿಯನ್ನ 1652ರಲ್ಲಿ ತೆರೆದ. 1673ರಲ್ಲಿ, ಅಂದರೆ ನಮ್ಮಲ್ಲಿ ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬಂದ ವರ್ಷ, ಸ್ಪಿನೋಜಾನನ್ನ ಮೇಷ್ಟ್ರಾಗಿ ಬಾ ಅಂತ ಕರೆಸಿದ. ಅವರು ಮರ್ಯಾದೆಯಿಂದ ಒಲ್ಲೆ ಅಂದರು.

ಮನೆಯೊಳಗಿನ ಸಂಸಾರ ಮಾತ್ರ ಕೆಟ್ಟಿತ್ತು. ಹೆಂಡತಿ ಶಾರ್ಲೊಟ್ಟೆ ಜೊತೆ ಹೊಂದಲಿಲ್ಲ. ಅವಳ ಸಖಿಯಾಗಿದ್ದ ಲೂಯಿಸೆಯನ್ನ 1658ರಲ್ಲಿ ಕಟ್ಟಿಕೊಂಡ. ಲೂಯಿಸೆಗೆ ಹತ್ತಕ್ಕೂ ಹೆಚ್ಚು ಮಕ್ಕಳು. ರಾಜ್ಯದ ಹಕ್ಕು ಅವರಿಗಿರಲಿಲ್ಲ, ಆದರೆ ಅಪ್ಪನ ಪ್ರೀತಿಗೆ ಕಮ್ಮಿ ಇರಲಿಲ್ಲ. ಶಾರ್ಲೊಟ್ಟೆಯ ಮಗಳು ಲೀಸೆಲೊಟ್ಟೆ. ಈ ಜಗಳದ ಗಾಳಿ ತಾಗದಿರಲಿ ಅಂತ ಏಳು ವರ್ಷದ ಅವಳನ್ನ ಹ್ಯಾನೋವರ್‌ನಲ್ಲಿದ್ದ ತನ್ನ ತಂಗಿ ಸೋಫಿ ಹತ್ತಿರ ಬಿಟ್ಟ. ನನ್ನ ಮಗಳೂ ತಿಪಟೂರಲ್ಲಿ ಅಜ್ಜಿ ಹತ್ತಿರ ಇದಾಳೆ, ಏಳನೇ ವರ್ಷ. ಹಾಗಾಗಿ ಈ ಭಾಗ ಓದುವಾಗ ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ನಾಲ್ಕು ವರ್ಷದ ಮೇಲೆ ಲೀಸೆಲೊಟ್ಟೆ ವಾಪಸ್ ಬಂದಳು. ಬೆಳಿಗ್ಗೆ ಐದಕ್ಕೇ ಎದ್ದು ಬೆಟ್ಟ ಹತ್ತಿ, ಬ್ರೆಡ್ಡಿನ ಜೊತೆ ಚೆರ್ರಿ ಹಣ್ಣು ತಿಂತಿದ್ದದ್ದನ್ನ ಮುದುಕಿಯಾದ ಮೇಲೂ ಕಾಗದದಲ್ಲಿ ನೆನೆಸಿಕೊಂಡಿದ್ದಾಳೆ.

1671ರಲ್ಲಿ ಅವಳನ್ನ ಫ್ರಾನ್ಸ್ ರಾಜ ಹದಿನಾಲ್ಕನೇ ಲೂಯಿಯ ತಮ್ಮನಿಗೆ ಕೊಟ್ಟು ಮದುವೆ ಮಾಡಿದ. ಬಲವಾದ ನೆರೆಯವನ ಮನೆಗೆ ಮಗಳು ಹೋದರೆ ತಾನು ಕಟ್ಟಿದ ಊರು ಉಳಿಯುತ್ತೆ ಅನ್ನೋ ಲೆಕ್ಕ. ಹುಡುಗಿ ಅದಕ್ಕಾಗಿ ಧರ್ಮವನ್ನೂ ಬದಲಾಯಿಸಬೇಕಾಯಿತು. ಮೂರೇ ವರ್ಷಕ್ಕೆ, 1674ರಲ್ಲಿ, ಫ್ರೆಂಚ್ ಸೇನಾಪತಿ ಟ್ಯುರೆನ್ ಇಲ್ಲಿಯ ಹಳ್ಳಿಗಳಿಗೆ ಬೆಂಕಿ ಇಟ್ಟ. ಐವತ್ತು ದಾಟಿದ್ದ ಕಾರ್ಲ್ ಲುಡ್ವಿಗ್ ಸಿಟ್ಟಿನಲ್ಲಿ, ಕತ್ತಿ ಹಿಡಿದು ಒಬ್ಬೊಬ್ಬರೇ ಹೋರಾಡೋಣ ಬಾ ಅಂತ ಅವನಿಗೆ ಸವಾಲು ಕಳಿಸಿದ. ಟ್ಯುರೆನ್ ಬರಲಿಲ್ಲ.

1680ರ ಆಗಸ್ಟ್‌ನಲ್ಲಿ ಮನ್‌ಹೈಮ್‌ನಿಂದ ಹೈಡೆಲ್‌ಬರ್ಗ್‌ಗೆ ಬರುವ ದಾರಿಯಲ್ಲಿ, ಎಡಿಂಗನ್ ಹತ್ತಿರ ಅವನು ತೀರಿಕೊಂಡ. ನಮ್ಮ ಐದನೇ ನಂಬರ್ ಟ್ರಾಮ್ ಹೋಗುತ್ತಲ್ಲ, ಅದೇ ಎಡಿಂಗನ್.

ಅವನ ಮಗ ಐದೇ ವರ್ಷಕ್ಕೆ ಮಕ್ಕಳಿಲ್ಲದೆ ಸತ್ತ. ಆಗ ಲೂಯಿ, ನನ್ನ ತಮ್ಮನ ಹೆಂಡತಿಗೆ ತವರಿನ ಪಾಲು ಕೊಡಿ ಅಂತ ತಗಾದೆ ತೆಗೆದ. ನೆಲದ ಹಕ್ಕನ್ನ ಮದುವೆ ಕರಾರಿನಲ್ಲೇ ಬಿಟ್ಟುಕೊಟ್ಟಿದ್ದಳು, ಅದನ್ನ ಯಾರು ಕೇಳ್ತಾರೆ? 1689ರಲ್ಲಿ ಮನ್‌ಹೈಮ್ ನೆಲಸಮ ಆಯ್ತು. ಹೈಡೆಲ್‌ಬರ್ಗ್ ಕೋಟೆಗೆ ಅದೇ ವರ್ಷ ಮದ್ದು ಇಟ್ಟರು, 1693ರಲ್ಲಿ ಮತ್ತೆ ಬಂದು ಊರನ್ನೇ ಸುಟ್ಟರು. ಹೈಲಿಗ್‌ಗೈಸ್ಟ್ ಚರ್ಚಿನಲ್ಲಿದ್ದ ದೊರೆಗಳ ಗೋರಿಗಳನ್ನೂ ಒಡೆದರು. ಹಳೇ ಊರಿನ ಮನೆಗಳಲ್ಲಿ ವೈರಿಂಗ್‌ಗೆ ಹೋದಾಗ ನಾವು ಕೊರೆಯೋ ಗೋಡೆಗಳು ಹೆಚ್ಚುಕಮ್ಮಿ ಎಲ್ಲಾ ಆ ಬೆಂಕಿ ಆದಮೇಲೆ ಎದ್ದವು. 1592ರ ರಿಟ್ಟರ್ ಮನೆಯಂಥ ಒಂದೆರಡು ಉಳಿದವು ಅಷ್ಟೆ.

ತನ್ನ ಹೆಸರು ಹೇಳಿ ಅಪ್ಪನ ಊರು ಸುಡ್ತಿದಾರೆ ಅನ್ನೋ ಸಂಕಟದಲ್ಲಿ ಲೀಸೆಲೊಟ್ಟೆ ರಾತ್ರಿ ನಿದ್ದೆ ಇಲ್ಲದೆ ಅತ್ತದ್ದನ್ನ ಸೋದರತ್ತೆಗೆ ಬರೆದಳು. ಸುಟ್ಟವನು ಭಾವ, ಇರೋದು ಅವನದೇ ಅರಮನೆಯಲ್ಲಿ. ಲೂಯಿಸೆಯ ಹೆಣ್ಣುಮಕ್ಕಳಿಗೆ, ಅಂದರೆ ತನ್ನ ಮಲತಂಗಿಯರಿಗೆ, ಕಡೇವರೆಗೂ ಕಾಗದ ಹಾಕುತ್ತಾ ಇದ್ದಳು. 1722ರಲ್ಲಿ ಪ್ಯಾರಿಸ್ ಹತ್ತಿರದ ಸೇಂಟ್ ಕ್ಲೂದಲ್ಲಿ ಸತ್ತಳು. ಮದುವೆಯಾಗಿ ಹೋದವಳು ಹೈಡೆಲ್‌ಬರ್ಗ್‌ಗೆ ಮತ್ತೆ ಒಂದು ಸಲವೂ ಬರಲಿಲ್ಲ.