ಸೇತುವೆಗಳ ಶಿಲ್ಪಿ ರಾಬರ್ಟ್ ಮೈಯಾರ್

ಸೇತುವೆಯನ್ನು ದಾಟುವವರು ಅನೇಕರು. ಅದನ್ನು ಕಟ್ಟಿದವನನ್ನು ನೆನೆಯುವವರು ವಿರಳ. ಪರ್ವತಗಳ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ ಕಾಂಕ್ರೀಟಿನ ರಸ್ತೆ ಸೇತುವೆಗಳಿಗೆ ಹೊಸ ರೂಪವನ್ನಿತ್ತ ರಾಬರ್ಟ್ ಮೈಯಾರನು ಅಂತಹ ನೆನಪಿಗೆ ಅರ್ಹನಾದವನು.

ಮೈಯಾರನು 1872ರ ಫೆಬ್ರವರಿ 6ರಂದು ಬರ್ನ್ ನಗರದಲ್ಲಿ ಜನಿಸಿದನು. ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1894ರಲ್ಲಿ ಎಂಜಿನಿಯರನಾದನು. ಉಕ್ಕಿನ ಸರಳುಗಳನ್ನು ಒಡಲಲ್ಲಿ ಹುದುಗಿಸಿದ ಕಾಂಕ್ರೀಟು ಆಗಿನ್ನೂ ಹೊಸ ಪದಾರ್ಥ. ಹೆಚ್ಚಿನವರು ಅದನ್ನು ಕಲ್ಲಿನಂತೆಯೇ ಭಾವಿಸಿ ದಪ್ಪನೆಯ ಕಮಾನುಗಳನ್ನು ಕಟ್ಟುತ್ತಿದ್ದರು. ಕಮಾನು, ಪಕ್ಕದ ಗೋಡೆ, ಮೇಲಿನ ರಸ್ತೆ ಈ ಮೂರೂ ಒಂದೇ ಶರೀರವಾಗಿ ಭಾರವನ್ನು ಹೊತ್ತರೆ ಎಲ್ಲವನ್ನೂ ತೆಳುವಾಗಿಸಬಹುದೆಂದು ಮೈಯಾರನು ಮನಗಂಡನು. 1901ರಲ್ಲಿ ಜುವೋಜ್ ಎಂಬ ಊರಿನ ಬಳಿ ಇನ್ ನದಿಗೆ ಅಂತಹ ಸೇತುವೆಯೊಂದನ್ನು ಕಟ್ಟಿದನು.

ಎರಡು ವರ್ಷ ಕಳೆಯುವಷ್ಟರಲ್ಲಿ ದಡದ ಸಮೀಪದ ಗೋಡೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು. ಅವನ್ನು ಗಾರೆಯಿಂದ ಮುಚ್ಚಿ ಸುಮ್ಮನಾಗಬಹುದಿತ್ತು. ಮೈಯಾರನಾದರೋ ಬಿರುಕನ್ನೇ ಗುರುವೆಂದು ಬಗೆದನು. ಸೀಳಿದ ಆ ಭಾಗವು ಭಾರವನ್ನು ಹೊರಲು ಬೇಕಾಗಿಯೇ ಇಲ್ಲವೆಂದು ಅರಿತು, 1905ರಲ್ಲಿ ತವನಾಸದ ಬಳಿ ರೈನ್ ನದಿಗೆ 51 ಮೀಟರ್ ಉದ್ದದ ಕಮಾನನ್ನು ಕಟ್ಟುವಾಗ ಅದನ್ನು ಕೈಬಿಟ್ಟನು. ಸೇತುವೆ ಹಗುರವಾಯಿತು, ಚೆಲುವೂ ಆಯಿತು.

ಬಳಿಕ ವಿಧಿಯು ಅವನನ್ನು ಪರೀಕ್ಷಿಸಿತು. 1914ರಲ್ಲಿ ಅವನು ಕುಟುಂಬದೊಡನೆ ರಷ್ಯಾ ಸಾಮ್ರಾಜ್ಯದ ರೀಗಾದಲ್ಲಿದ್ದಾಗ ಮಹಾಯುದ್ಧವು ಆರಂಭವಾಗಿ ಮರಳುವ ದಾರಿ ಮುಚ್ಚಿತು. 1916ರಲ್ಲಿ ಪತ್ನಿಯು ತೀರಿಕೊಂಡಳು. ಕ್ರಾಂತಿಯಲ್ಲಿ ಗಳಿಸಿದ್ದೆಲ್ಲವೂ ಹೋಯಿತು. ಮೂವರು ಮಕ್ಕಳೊಡನೆ, ಸಾಲವನ್ನು ಹೊತ್ತು ತಾಯ್ನಾಡಿಗೆ ಹಿಂದಿರುಗಿದವನು ಜಿನೀವಾದಲ್ಲಿ ಮೊದಲಿನಿಂದ ಬದುಕನ್ನು ಕಟ್ಟತೊಡಗಿದನು. 1927ರಲ್ಲಿ ಬೆಟ್ಟವು ಕುಸಿದು ತವನಾಸದ ಸೇತುವೆಯೂ ನಾಶವಾಯಿತು.

ಸೇತುವೆ ಅಳಿದರೂ ಅದರ ಪಾಠ ಅಳಿಯಲಿಲ್ಲ. ಶೂಡರ್ಸ್ ಎಂಬ ಬೆಟ್ಟದ ಹಳ್ಳಿಗೆ ರಸ್ತೆ ಮಾಡಲು ಸಾಲ್ಜಿನಾ ಕಣಿವೆಯನ್ನು ದಾಟಬೇಕಾಗಿತ್ತು. ಬಂದ ಯೋಜನೆಗಳಲ್ಲಿ ಮೈಯಾರನದೇ ಅತ್ಯಂತ ಕಡಿಮೆ ವೆಚ್ಚದ್ದು. ತವನಾಸದ ರೂಪವನ್ನೇ ಅವನು ಇಲ್ಲಿ 90 ಮೀಟರಿನ ಕಮಾನಾಗಿ ಬೆಳೆಸಿದನು. ಮೊದಲು ತೆಳುವಾದ ಕಮಾನನ್ನಷ್ಟೇ ಎರೆದು, ಅದು ಗಟ್ಟಿಯಾದ ಮೇಲೆ ಉಳಿದ ಭಾರವನ್ನು ಹೊರಲು ಅದನ್ನೂ ಬಳಸಿಕೊಂಡದ್ದರಿಂದ ಕೆಳಗಿನ ಮರದ ಅಟ್ಟಣೆಯೂ ಹಗುರವಾಗಿದ್ದರೆ ಸಾಕಾಯಿತು. ಆಳವಾದ ಕಣಿವೆಯಲ್ಲಿ ಆ ಅಟ್ಟಣೆಯನ್ನು ನಿಲ್ಲಿಸಿದವನು ರಿಚರ್ಡ್ ಕೊರೈ. 1930ರಲ್ಲಿ ಸೇತುವೆ ಪೂರ್ಣಗೊಂಡಿತು.

ಮೈಯಾರನು 1940ರ ಏಪ್ರಿಲ್ 5ರಂದು ಜಿನೀವಾದಲ್ಲಿ ನಿಧನನಾದನು. 1991ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು ಸಾಲ್ಜಿನಾ ಸೇತುವೆಯನ್ನು ಅಂತರರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಸಾರಿತು. ಕೆಲವೇ ಮನೆಗಳ ಹಳ್ಳಿಗೆಂದು ಮಿತವ್ಯಯದಲ್ಲಿ ಕಟ್ಟಿದ ಸೇತುವೆಯು ಹೀಗೆ ಲೋಕದ ಆಸ್ತಿಯಾಯಿತು. ತನ್ನ ಕೆಲಸದಲ್ಲಿ ಕಂಡ ಬಿರುಕನ್ನು ಮರೆಮಾಡದೆ ಅದರ ಮುಂದೆ ಶಿಷ್ಯನಾಗಿ ನಿಂತವನಿಗೆ ದೊರೆತ ಫಲವಿದು.