ಹೆಬ್ಬೆರಳಿನ ಗಾಯ ಮತ್ತು ಬಾಬ್ ಮಾರ್ಲಿ

ಜಡೆಗಟ್ಟಿದ ಕೂದಲು, ನಗುವ ಮುಖ, ಹಿಂದೆ ಕೆಂಪು-ಹಳದಿ-ಹಸಿರು ಪಟ್ಟಿ. ಇಂಥ ಚಿತ್ರವಿರುವ ಟಿ-ಶರ್ಟ್ ತೊಟ್ಟ ಹುಡುಗರು ಇಂಡಿ, ಸಿಂದಗಿಯ ಕಾಲೇಜುಗಳಲ್ಲೂ ಕಾಣಸಿಗುತ್ತಾರೆ. ಬೈಕಿನ ಟ್ಯಾಂಕಿನ ಮೇಲೆ, ಮೊಬೈಲಿನ ಕವರಿನ ಮೇಲೆ ಕೂಡ ಅದೇ ಮುಖ. ಅದು ಬಾಬ್ ಮಾರ್ಲಿ, ಹಾಡುಗಾರ ಎಂಬುದು ಬಹಳ ಮಂದಿಗೆ ಗೊತ್ತು. ಆದರೆ ಆತ ಹಾಡಿನಷ್ಟೇ ಫುಟ್‌ಬಾಲ್ ಹುಚ್ಚನಾಗಿದ್ದ, ಆಟದಲ್ಲಿ ಕಾಲಿನ ಹೆಬ್ಬೆರಳಿಗೆ ಆದ ಒಂದು ಗಾಯ ಆತನೊಳಗೆ ಅಡಗಿದ್ದ ದೊಡ್ಡ ಕಾಯಿಲೆಯನ್ನು ತೋರಿಸಿಕೊಟ್ಟಿತು, 36ನೇ ವಯಸ್ಸಿಗೇ ಆತ ತೀರಿಹೋದ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೈದಾನದಲ್ಲಿ ಬಿದ್ದು, ಎದ್ದು, ಕುಂಟುತ್ತ ಮನೆಗೆ ಬರುವ ನಮ್ಮಂಥವರು ತಿಳಿದಿರಬೇಕಾದ ಬದುಕು ಅದು.

ಬಾಬ್ ಹುಟ್ಟಿದ್ದು 1945ರ ಫೆಬ್ರುವರಿ 6ರಂದು, ಜಮೈಕಾ ಎಂಬ ದ್ವೀಪ ದೇಶದ ನೈನ್ ಮೈಲ್ ಎಂಬ ಗುಡ್ಡಗಾಡು ಹಳ್ಳಿಯಲ್ಲಿ. ತಾಯಿ ಸೆಡೆಲ್ಲಾ ಕಪ್ಪು ಜನಾಂಗದ ಹಳ್ಳಿ ಹುಡುಗಿ. ತಂದೆ ನಾರ್ವಲ್ ಮಾರ್ಲಿ ಬಿಳಿಯ, ವಯಸ್ಸಿನಲ್ಲಿ ತಾಯಿಗಿಂತ ಬಹಳ ದೊಡ್ಡವನು. ತಂದೆ ಮನೆಯಲ್ಲಿ ನಿಂತವನಲ್ಲ. ಮಗನಿಗೆ ಹತ್ತು ವರ್ಷವಾದಾಗ ಆತ ತೀರಿಕೊಂಡ. ಕಪ್ಪು ಮಕ್ಕಳ ನಡುವೆ ಅರೆಬಿಳಿಯ, ಬಿಳಿಯರ ಕಣ್ಣಲ್ಲಿ ಕರಿಯ, ಹೀಗೆ ಎರಡೂ ಕಡೆ ಸಲ್ಲದ ಹುಡುಗನಾಗಿ ಬಾಬ್ ಬೆಳೆದ.

ಹೊಟ್ಟೆಪಾಡಿಗಾಗಿ ತಾಯಿ ಮಗನನ್ನು ಕರೆದುಕೊಂಡು ರಾಜಧಾನಿ ಕಿಂಗ್‌ಸ್ಟನ್‌ಗೆ ಗುಳೆ ಬಂದಳು. ಗುಳೆ ಎಂದರೇನೆಂದು ನಮ್ಮ ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರು ನೆಲೆಸಿದ ಟ್ರೆಂಚ್‌ಟೌನ್ ನಗರದ ಬಡವರ ಕೇರಿ. ಅಲ್ಲಿ ಹುಡುಗರಿಗೆ ಇದ್ದ ಸುಖ ಎರಡೇ: ಒಂದು ಹಾಡು, ಇನ್ನೊಂದು ಚೆಂಡು. ಬಾಬ್ ಎರಡನ್ನೂ ಬಿಗಿಯಾಗಿ ಹಿಡಿದ. ಜೋ ಹಿಗ್ಸ್ ಎಂಬ ಹಿರಿಯ ಗಾಯಕ ಕೇರಿಯ ಹುಡುಗರಿಗೆ ದುಡ್ಡು ತೆಗೆದುಕೊಳ್ಳದೆ ಹಾಡು ಕಲಿಸುತ್ತಿದ್ದ. ಬಾಬ್, ಬನ್ನಿ, ಪೀಟರ್ ಎಂಬ ಮೂವರು ಗೆಳೆಯರು ಅಲ್ಲಿ ಸ್ವರ ಕೂಡಿಸಲು ಕಲಿತರು.

ಶಾಲೆ ಬಿಟ್ಟ ಮೇಲೆ ತಾಯಿಗೆ ಮಗನ ಚಿಂತೆ. ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ, ಕೈಯಲ್ಲಿ ಒಂದು ಕಸುಬಿರಲಿ ಎಂದು ಆಕೆ ಆತನನ್ನು ವೆಲ್ಡಿಂಗ್ ಕೆಲಸ ಕಲಿಯಲು ಹಾಕಿದಳು. ಇಂದು ಐಟಿಐ ಸೇರಿರುವ ಎಷ್ಟೋ ಹುಡುಗರ ಕತೆಯೂ ಇದೇ ತಾನೇ? ಒಂದು ದಿನ ಕೆಲಸ ಮಾಡುವಾಗ ಕಬ್ಬಿಣದ ಚೂರು ಹಾರಿ ಆತನ ಕಣ್ಣಿಗೆ ನೆಟ್ಟಿತು. ಆಸ್ಪತ್ರೆಗೆ ಹೋಗಿ ತೆಗೆಸಬೇಕಾಯಿತು. ಕಣ್ಣು ಉಳಿಯಿತು. ವೆಲ್ಡಿಂಗ್ ಅಲ್ಲಿಗೇ ನಿಂತು, ಬಾಬ್ ಹಾಡಿನ ಕಡೆ ಪೂರ್ತಿ ತಿರುಗಿದ. 1962ರಲ್ಲಿ, 17ನೇ ವಯಸ್ಸಿನಲ್ಲಿ, ಆತನ ಮೊದಲ ಹಾಡು ಧ್ವನಿಮುದ್ರಣವಾಯಿತು. ಮುಂದಿನ ವರ್ಷ ಮೂವರು ಗೆಳೆಯರ ‘ವೇಲರ್ಸ್’ ತಂಡ ಹುಟ್ಟಿತು.

ಹಾಡು ಹೆಸರು ತಂದಿತು, ಹಣ ತರಲಿಲ್ಲ. 1966ರಲ್ಲಿ ರೀಟಾಳನ್ನು ಮದುವೆಯಾದ ಬಾಬ್, ಆಮೇಲೆ ತಾಯಿ ಇದ್ದ ಅಮೆರಿಕದ ಡೆಲವೇರ್ ರಾಜ್ಯಕ್ಕೆ ಹೋಗಿ ಕಾರ್ಖಾನೆಯಲ್ಲಿ ದುಡಿದ. ನಾಲ್ಕು ಕಾಸು ಕೂಡಿಸಿಕೊಂಡು ಊರಿಗೆ ಮರಳಿ ಮತ್ತೆ ಹಾಡಲು ನಿಂತ. 1972ರಲ್ಲಿ ಲಂಡನ್ನಿನ ಐಲೆಂಡ್ ರೆಕಾರ್ಡ್ಸ್ ಕಂಪನಿ ತಂಡದ ಮೇಲೆ ಭರವಸೆ ಇಟ್ಟಿತು. 1973ರ ‘ಕ್ಯಾಚ್ ಎ ಫೈರ್’ ಆಲ್ಬಮ್‌ನಿಂದ ತಂಡದ ರೆಗೆ ಸಂಗೀತ ಜಮೈಕಾದ ಆಚೆಗೆ ಇನ್ನಷ್ಟು ಕೇಳಿಸತೊಡಗಿತು. ಮೊದಲ ಹಾಡಿಗೂ ಈ ಆಲ್ಬಮ್‌ಗೂ ನಡುವೆ ಹನ್ನೊಂದು ವರ್ಷ. ಒಂದೆರಡು ಪರೀಕ್ಷೆಗಳಲ್ಲಿ ಆಯ್ಕೆಯಾಗದೆ ಕೈಚೆಲ್ಲಿ ಕೂತವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಇಷ್ಟೆಲ್ಲದರ ನಡುವೆ ಫುಟ್‌ಬಾಲ್ ಬಿಡಲಿಲ್ಲ. ಬಾಬ್ ಯಾವ ಕ್ಲಬ್ಬಿನಿಂದಲೂ ಸಂಬಳ ಪಡೆದವನಲ್ಲ, ನಮ್ಮ ಹಾಗೆ ಖುಷಿಗೆ ಆಡುವವನು. ಆದರೆ ಆಡಿದರೆ ಜೀವ ಬಿಟ್ಟು ಆಡುತ್ತಿದ್ದ. ಜಮೈಕಾದ ಹೆಸರಾಂತ ಆಟಗಾರ ಅಲನ್ ಕೋಲ್ ಆತನ ಆಪ್ತ ಗೆಳೆಯ. ಸಂಗೀತ ಪ್ರವಾಸದ ವ್ಯವಸ್ಥೆಯನ್ನೂ ಆ ಗೆಳೆಯನೇ ನೋಡಿಕೊಳ್ಳುತ್ತಿದ್ದ. ಸ್ಟುಡಿಯೋ ಅಂಗಳ, ಪಾರ್ಕು, ಹೋಟೆಲಿನ ಹಿತ್ತಲು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ತಂಡದವರು ಚೆಂಡು ಉರುಳಿಸುತ್ತಿದ್ದರು.

1976ರಲ್ಲಿ ಜಮೈಕಾದಲ್ಲಿ ಚುನಾವಣೆಯ ಕಾವು. ಎರಡು ಪಕ್ಷಗಳ ಬೆಂಬಲಿಗರು ಬೀದಿಯಲ್ಲಿ ಹೊಡೆದಾಡುತ್ತಿದ್ದರು. ಜನರನ್ನು ತಣ್ಣಗಾಗಿಸಲು ಬಾಬ್ ಉಚಿತ ಸಂಗೀತ ಕಾರ್ಯಕ್ರಮಕ್ಕೆ ಒಪ್ಪಿದ. ಅದಕ್ಕೆ ಎರಡು ದಿನ ಮುಂಚೆ, ಡಿಸೆಂಬರ್ 3ರ ರಾತ್ರಿ, ಬಂದೂಕುಧಾರಿಗಳು ಮನೆಗೆ ನುಗ್ಗಿ ಗುಂಡು ಹಾರಿಸಿದರು. ರೀಟಾಳ ತಲೆಗೆ ಪೆಟ್ಟಾಯಿತು, ಮ್ಯಾನೇಜರ್‌ಗೆ ಗಂಭೀರ ಗಾಯಗಳಾದವು. ಬಾಬ್‌ನ ಎದೆ ಸವರಿದ ಗುಂಡು ತೋಳಿಗೆ ಹೊಕ್ಕಿತು. ಡಿಸೆಂಬರ್ 5ರಂದು ಅದೇ ತೋಳಿಗೆ ಪಟ್ಟಿ ಕಟ್ಟಿಕೊಂಡು ಆತ ವೇದಿಕೆ ಹತ್ತಿ ಹಾಡಿದ. ಆಮೇಲೆ ದೇಶ ಬಿಟ್ಟು ಲಂಡನ್ ಸೇರಿದ.

ಕಣ್ಣಿಗೆ ಕಬ್ಬಿಣ, ತೋಳಿಗೆ ಗುಂಡು, ಎರಡನ್ನೂ ಗೆದ್ದವನಿಗೆ ಹೆಬ್ಬೆರಳಿನ ಗಾಯ ಒಂದು ಗಾಯವೇ? ಅಲ್ಲಿಯೇ ಲೆಕ್ಕ ತಪ್ಪಿತು.

1977ರ ಮೇ ತಿಂಗಳು. ‘ಎಕ್ಸೋಡಸ್’ ಆಲ್ಬಮ್‌ನ ಪ್ರವಾಸಕ್ಕೆಂದು ತಂಡ ಪ್ಯಾರಿಸ್‌ಗೆ ಬಂದಿತ್ತು. ಅಲ್ಲಿ ಪತ್ರಕರ್ತರ ಜೊತೆ ಸುಮ್ಮನೆ ಒಂದು ಫುಟ್‌ಬಾಲ್ ಪಂದ್ಯ. ಎದುರಾಳಿಯೊಬ್ಬ ಬಲಗಾಲಿನ ಹೆಬ್ಬೆರಳು ತುಳಿದ, ಉಗುರು ಕಿತ್ತುಬಂತು. ಅದೇ ಬೆರಳಿಗೆ ಮುಂಚೆಯೂ ಪೆಟ್ಟಾಗಿತ್ತು. ಬಾಬ್ ಪಟ್ಟಿ ಸುತ್ತಿಕೊಂಡು ಪ್ರವಾಸ ಮುಂದುವರಿಸಿದ. ಯುರೋಪಿನ ಊರೂರಲ್ಲಿ ಹಾಡಿ, ಜೂನ್‌ನಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅದೇ ಕಾಲಿನಲ್ಲಿ ಕುಣಿದ. ಆದರೆ ಗಾಯ ಮಾಯಲಿಲ್ಲ. ಜುಲೈನಲ್ಲಿ ಪರೀಕ್ಷೆ ಮಾಡಿದಾಗ ಉಗುರಿನಡಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇರುವುದು ತಿಳಿಯಿತು.

ಇಲ್ಲೊಂದು ವಿಷಯ ಸ್ಪಷ್ಟವಿರಲಿ. ಫುಟ್‌ಬಾಲಿನಿಂದ ಬಾಬ್‌ಗೆ ಕ್ಯಾನ್ಸರ್ ಬಂತು ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಗಾಯ ಕಾಯಿಲೆಯನ್ನು ತಂದದ್ದಲ್ಲ, ಬಯಲಿಗೆ ತಂದದ್ದು. ಚರ್ಮದ ಕ್ಯಾನ್ಸರ್ ಬಿಸಿಲಿಗೆ, ಬಿಳಿ ಚರ್ಮದವರಿಗೆ ಮಾತ್ರ ಬರುತ್ತದೆ ಎಂಬ ನಂಬಿಕೆಯೂ ತಪ್ಪು. ಅಂಗೈ, ಅಂಗಾಲು, ಉಗುರಿನಡಿಯಂಥ ಬಿಸಿಲು ತಾಗದ ಜಾಗಗಳಲ್ಲಿ ಹುಟ್ಟುವ ಈ ಬಗೆಯ ಮೆಲನೋಮಾಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಕಪ್ಪು, ಗೋಧಿ ಬಣ್ಣದ ಜನರಲ್ಲಿ ಮೆಲನೋಮಾ ಅಪರೂಪ. ಆದರೆ ಬಂದಾಗ ಹೆಚ್ಚಾಗಿ ಇಂಥ ಜಾಗಗಳಲ್ಲೇ ಬರುತ್ತದೆ.

ವೈದ್ಯರು ಬೆರಳನ್ನೇ ತೆಗೆಯಬೇಕು ಎಂದರು. ಬಾಬ್ ಒಪ್ಪಲಿಲ್ಲ. ಆತ ರಾಸ್ತಫಾರಿ ಪಂಥದವನು. ದೇಹವನ್ನು ಕತ್ತರಿಸಿ ಊನ ಮಾಡಬಾರದು ಎಂಬುದು ಆತನ ನಂಬಿಕೆ. ಬೆರಳು ಹೋದರೆ ವೇದಿಕೆಯ ಕುಣಿತದ ಗತಿಯೇನು ಎಂಬ ಚಿಂತೆಯೂ ಇತ್ತು. ಕೊನೆಗೆ ಮಯಾಮಿಯ ಆಸ್ಪತ್ರೆಯಲ್ಲಿ ಉಗುರು ಮತ್ತು ಅದರಡಿಯ ಭಾಗವನ್ನಷ್ಟೇ ತೆಗೆದು, ಬೇರೆಡೆಯ ಚರ್ಮ ತಂದು ಕಸಿ ಮಾಡಿದರು. ಅಮೆರಿಕದ ಪ್ರವಾಸ ರದ್ದಾಯಿತು.

ಗಾಯ ಮಾಯಿತು. ಬಾಬ್ ಮತ್ತೆ ನಡೆದ, ಓಡಿದ, ಕುಣಿದ. 1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್ನಿನ ಶಾಂತಿ ಕಾರ್ಯಕ್ರಮದಲ್ಲಿ ಬದ್ಧ ವೈರಿಗಳಾಗಿದ್ದ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ಎಡ್ವರ್ಡ್ ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಕೈ ಕೂಡಿಸಿದ. 1980ರ ಮಾರ್ಚ್‌ನಲ್ಲಿ ಬ್ರೆಜಿಲ್‌ಗೆ ಹೋದಾಗ ರಿಯೋ ನಗರದಲ್ಲಿ ಅಲ್ಲಿನ ಸಂಗೀತಗಾರರ ಜೊತೆ, 1970ರ ವಿಶ್ವಕಪ್ ಗೆದ್ದ ತಂಡದ ಪೌಲೊ ಸೀಸರ್ ಜೊತೆ ಫುಟ್‌ಬಾಲ್ ಆಡಿದ. ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದ ರಾತ್ರಿ ಅಲ್ಲಿನ ಕ್ರೀಡಾಂಗಣದಲ್ಲಿ ಹಾಡಿದ. ನೋಡಿದವರಿಗೆ ಆತ ಪೂರ್ತಿ ಗುಣವಾದ ಮನುಷ್ಯ.

1980ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದಾಗ ಬಾಬ್ ಕುಸಿದುಬಿದ್ದ. ಕ್ಯಾನ್ಸರ್ ಮಿದುಳಿಗೂ ಶ್ವಾಸಕೋಶಕ್ಕೂ ಹರಡಿತ್ತು. ಎರಡು ದಿನಗಳ ಬಳಿಕ ಪಿಟ್ಸ್‌ಬರ್ಗಿನಲ್ಲಿ ಕೊನೆಯ ಸಲ ಹಾಡಿದ. ಜರ್ಮನಿಯ ಒಂದು ಚಿಕಿತ್ಸಾಲಯದಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಉದ್ದ ಜಡೆಗಳು ಹೋದವು, ಮೈ ಸೊರಗಿತು. ಊರು ಮುಟ್ಟಬೇಕೆಂದು ಹೊರಟವನು ದಾರಿಯಲ್ಲೇ ಮಯಾಮಿಯಲ್ಲಿ 1981ರ ಮೇ 11ರಂದು ಕಣ್ಣು ಮುಚ್ಚಿದ. ಜಮೈಕಾ ಸರ್ಕಾರ ರಾಜ್ಯ ಗೌರವದೊಂದಿಗೆ ಬೀಳ್ಕೊಟ್ಟಿತು. ಹುಟ್ಟಿದ ನೈನ್ ಮೈಲ್‌ನಲ್ಲೇ ಗಿಟಾರ್ ಜೊತೆ ಆತನನ್ನು ಮಣ್ಣು ಮಾಡಿದರು.

1977ರಲ್ಲಿ ಬೆರಳು ತೆಗೆಸಿದ್ದರೆ ಬಾಬ್ ಖಂಡಿತ ಉಳಿಯುತ್ತಿದ್ದನೆಂದು ಯಾರೂ ಬರೆದುಕೊಡಲಾರರು. ಉಳಿಯುವ ಅವಕಾಶ ಹೆಚ್ಚುತ್ತಿತ್ತು ಎಂದಷ್ಟೇ ಹೇಳಬಹುದು. ಆತನ ನಂಬಿಕೆಯನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ನೋವು ನಿಲ್ಲುವುದು ಬೇರೆ, ಗುಣವಾಗುವುದು ಬೇರೆ ಎಂಬುದನ್ನು ಆತನ ಬದುಕಿನಿಂದ ನಾವು ಕಲಿಯಬಹುದು.

ನಮ್ಮ ಕಡೆ ಕ್ರಿಕೆಟ್, ಕಬಡ್ಡಿ, ಕುಸ್ತಿಯ ಅಬ್ಬರದಲ್ಲಿ ಫುಟ್‌ಬಾಲ್ ಹಿಂದೆ ಬಿದ್ದರೂ ಆಡುವವರು ಇದ್ದೇ ಇದ್ದೇವೆ. ಹುಲ್ಲಿನ ಮೈದಾನವಂತೂ ಕನಸು. ಗರಸು ನೆಲ, ಇಲ್ಲವೇ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ನೆಲ. ಒಬ್ಬರಿಗೆ ಬೂಟು, ಇನ್ನೊಬ್ಬರಿಗೆ ಬರಿಗಾಲು. ಉಗುರು ಕೀಳುವುದು, ಹಿಮ್ಮಡಿಯ ಮೇಲೆ ಕಾಲು ಉಳುಕುವುದು, ಮೊಣಕಾಲು ತಿರುಚುವುದು ಇಲ್ಲಿ ದಿನದ ಮಾತು. ಅರಿಸಿನ ಎಣ್ಣೆ ಸವರಿ, ಬಟ್ಟೆ ಸುತ್ತಿ, ಮರುದಿನ ಮತ್ತೆ ಮೈದಾನ. ಮನೆಯಲ್ಲಿ ಗೊತ್ತಾದರೆ ಆಟ ಬಿಡಿಸುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ 1600 ಮೀಟರ್ ಓಟಕ್ಕೆ, ಸೇನಾ ಭರ್ತಿಗೆ ತಯಾರಿ ನಡೆಸುವವರಿಗಂತೂ ಕಾಲೇ ಬಂಡವಾಳ. ಅರ್ಧ ಮಾಯ್ದ ಉಳುಕಿನ ಮೇಲೆ ಓಡಿ ಮತ್ತೆ ಉಳುಕಿಸಿಕೊಂಡರೆ ಹೋಗುವುದು ಪಂದ್ಯವಲ್ಲ, ನೌಕರಿ.

ಹಾಗಾದರೆ ಏನು ಮಾಡಬೇಕು? ಕಾಲು ಉಳುಕಿದರೆ ಆಟ ನಿಲ್ಲಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಅಗಲ ಪಟ್ಟಿ ಸುತ್ತಿ, ಮಲಗುವಾಗ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಮೊದಲ ಎರಡು-ಮೂರು ದಿನ ಬಿಸಿ ಶಾಖ, ಜೋರಾದ ತಿಕ್ಕಾಟ ಬೇಡ. ಪೆಟ್ಟಾದ ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಲುಬಿನ ಮೇಲೆ ಒತ್ತಿದಾಗ ಜೀವ ಹೋಗುವಷ್ಟು ನೋವಾದರೆ ಎಕ್ಸ್‌ರೇ ತೆಗೆಸಿ. ಎಲುಬು ಮುರಿದಿರುವಾಗ ಸೆಳೆದು ಕೂಡಿಸಲು ಹೋದರೆ ಕಾಲು ಜೀವನಪೂರ್ತಿ ಸೊಟ್ಟಗಾದೀತು. ಮಣ್ಣು ಸೇರಿದ ಗಾಯವನ್ನು ಸಾಬೂನು ನೀರಿನಿಂದ ತೊಳೆದು, ತಾಲ್ಲೂಕು ಆಸ್ಪತ್ರೆಯಲ್ಲಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ಉಗುರು ಕಪ್ಪಾದರೆ ಕೂಡಲೇ ಹೆದರಬೇಡಿ. ತುಳಿತಕ್ಕೆ ಉಗುರಿನಡಿ ರಕ್ತ ಹೆಪ್ಪುಗಟ್ಟುವುದು ಸಾಮಾನ್ಯ. ಉಗುರು ಬೆಳೆದಂತೆ ಆ ಕಲೆ ಮುಂದೆ ಸರಿದು ಹೊರಟುಹೋಗುತ್ತದೆ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಆದರೆ ಪೆಟ್ಟೇ ಬೀಳದೆ ಕಪ್ಪು ಗೆರೆ ಮೂಡಿದರೆ, ಕಲೆ ಮುಂದೆ ಸರಿಯದೆ ಅಗಲವಾಗುತ್ತಿದ್ದರೆ, ಉಗುರಿನ ಬುಡದ ಚರ್ಮಕ್ಕೂ ಹಬ್ಬಿದರೆ, ಗಾಯ ವಾರಗಟ್ಟಲೆ ಮಾಯದೆ ಪದೇ ಪದೇ ರಕ್ತ ಜಿನುಗಿದರೆ ಚರ್ಮರೋಗ ತಜ್ಞರಿಗೆ ತೋರಿಸಲೇಬೇಕು. ಎಷ್ಟೋ ಸಲ ಏನೂ ಇರಲಿಕ್ಕಿಲ್ಲ. ಆದರೂ ಇಲ್ಲ ಎಂದು ವೈದ್ಯರು ಹೇಳಲಿ, ನಾವೇ ಹೇಳಿಕೊಳ್ಳುವುದು ಬೇಡ.

ಗಾಯ ಮಾಯ್ದ ಮೇಲೆ ಮೈದಾನಕ್ಕೆ ಮರಳುವುದಕ್ಕೂ ಕ್ರಮವಿದೆ. ಮೊದಲು ನೋವಿಲ್ಲದೆ ನಡಿಗೆ, ನಂತರ ಒಂಟಿಗಾಲಿನಲ್ಲಿ ನಿಲ್ಲುವ ಅಭ್ಯಾಸ, ಆಮೇಲೆ ನೇರ ಓಟ, ಕೊನೆಗೆ ತಿರುವು, ಒದೆತ. ವಾರ ಹೆಚ್ಚು ಹಿಡಿದರೆ ಹಿಡಿಯಲಿ. ತಂಡದ ಗೆಳೆಯರು ಹೆದರುಪುಕ್ಕಲ ಎಂದು ಚುಡಾಯಿಸಿದರೆ ನಕ್ಕು ಸುಮ್ಮನಿರಿ. ಕುಂಟುತ್ತಿರುವ ಗೆಳೆಯನನ್ನು ಆಟಕ್ಕೆ ಎಳೆಯುವ ಬದಲು ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುವವನೇ ನಿಜವಾದ ಜೊತೆ ಆಟಗಾರ. ಇಂದು ಸಂಜೆ ಆಟ ಮುಗಿಸಿ ಬೂಟು ಬಿಚ್ಚಿದಾಗ ಎರಡೂ ಕಾಲಿನ ಉಗುರುಗಳನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿಕೊಳ್ಳಿ.